ಡಬಲ್ ಗೂಡು

‘ಹೈಸ್ಕೂಲ್’ ಎಂಬ ಪದಕ್ಕೆ ಬಂದಾಗ ಅಸ್ರಾಳ ಬೆರಳುಗಳು ಕೀಬೋರ್ಡಿನ ಮೇಲೆ ನಿಂತವು.

ಅವಳ ಮುಂದಿದ್ದದ್ದು ಇಂಗ್ಲಿಷಿನ ಒಂದು ಪುಟದ ಪತ್ರ. ಬಿಡದಿ ಕೈಗಾರಿಕಾ ಪ್ರದೇಶದ ಆ ಕಾರ್ಖಾನೆಯ ಅರ್ಧ ಪಾಲನ್ನು ಹಿಂದಿನ ವರ್ಷ ಜರ್ಮನಿಯವರು ಕೊಂಡಿದ್ದರು. ಅಲ್ಲಿಗೆ ಹೋಗುವ ಕಾಗದಗಳನ್ನು ಜರ್ಮನ್‌ಗೂ, ಅಲ್ಲಿಂದ ಬರುವುದನ್ನು ಇಂಗ್ಲಿಷಿಗೂ ತರುವುದು ಅಸ್ರಾಳ ಕೆಲಸ. ಈ ಪತ್ರದ ಸಾರಾಂಶ ಹೀಗಿತ್ತು: ಕಾರಿನ ಬ್ರೇಕ್ ಹೋಸ್‌ಗಳನ್ನು ಪರೀಕ್ಷಿಸುವ ವಿಭಾಗದ ರಾಧಾಮಣಿ ತಾವು ಜರ್ಮನಿಯಲ್ಲಿ ಇಂಜಿನಿಯರಿಂಗ್ ಪದವಿ ಪಡೆದವರೆಂದು ಹೇಳಿ ಕೆಲಸಕ್ಕೆ ಸೇರಿದ್ದಾರೆ. ಪ್ರಮಾಣಪತ್ರದ ಅನುವಾದ ನೋಡಿದಾಗ ಅವರು ಓದಿದ್ದು ಬರೀ ಹೈಸ್ಕೂಲಿನಲ್ಲಿ, ಪಡೆದಿದ್ದು ಬರೀ ಡಿಪ್ಲೊಮಾ ಎಂದು ತಿಳಿದುಬಂದಿದೆ. ಅವರನ್ನು ಕೆಲಸದಿಂದ ತೆಗೆದು ಪೊಲೀಸರಿಗೆ ದೂರು ಕೊಡಲು ಒಪ್ಪಿಗೆ ಬೇಕು.

ಹನ್ನೆರಡೂವರೆಗೆ ಇದು ಹೋಗಲೇಬೇಕು ಎಂದು ಸಿಬ್ಬಂದಿ ವಿಭಾಗದ ಮ್ಯಾನೇಜರ್ ಚಿಕ್ಕಹನುಮಯ್ಯ ಹೇಳಿದ್ದರು. ಆಗಸ್ಟ್ ತಿಂಗಳಲ್ಲಿ ಇಲ್ಲಿಯ ಹನ್ನೆರಡೂವರೆ ಎಂದರೆ ಅಲ್ಲಿ ಬೆಳಿಗ್ಗೆ ಒಂಬತ್ತು. ಗೋಡೆಯ ಗಡಿಯಾರ ಹನ್ನೊಂದೂ ಹತ್ತು ತೋರಿಸುತ್ತಿತ್ತು.

ಮೊದಲ ಏಳು ಸಾಲು ಸಲೀಸಾಗಿ ಬಂದಿದ್ದವು. ಎಂಟನೆಯದರಲ್ಲಿ ಹೈಸ್ಕೂಲ್. ಅದಕ್ಕೆ ಜರ್ಮನ್‌ನಲ್ಲಿ ಓಬರ್‌ಶೂಲೆ ಎನ್ನಬಹುದು, ಗಿಮ್ನಾಸಿಯುಮ್ ಎನ್ನಬಹುದು. ಹೋಖ್‌ಶೂಲೆ ಎನ್ನುವಂತಿಲ್ಲ. ಬೆಂಗಳೂರಿನ ಸಂಜೆ ತರಗತಿಯಲ್ಲಿ ಎರಡನೇ ತಿಂಗಳಲ್ಲೇ ಮೇಡಂ ಅದನ್ನು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಹೋಖ್ ಎಂದರೆ ಎತ್ತರ, ಶೂಲೆ ಎಂದರೆ ಶಾಲೆ. ಎರಡೂ ಸೇರಿದರೆ ಹೈಸ್ಕೂಲ್ ಆಗುವುದಿಲ್ಲ. ಅದು ಹೈಸ್ಕೂಲು, ಪಿಯುಸಿ ಎಲ್ಲ ದಾಟಿದ ಮೇಲೆ ಪದವಿಗೆ ಹೋಗುವ ಜಾಗ.

ಹಾಗಾದರೆ ರಾಧಾಮಣಿಯ ಪ್ರಮಾಣಪತ್ರದಲ್ಲಿ ಏನಿತ್ತು?

ಅವಳು ಎದ್ದು ಕಬ್ಬಿಣದ ಬೀರು ತೆರೆದು ಫೈಲು ತೆಗೆದಳು. ಜೆರಾಕ್ಸ್ ಪ್ರತಿಯ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಫಾಖ್‌ಹೋಖ್‌ಶೂಲೆ ಎಂದಿತ್ತು. ಅದಕ್ಕೆ ಪಿನ್ನು ಹಾಕಿದ್ದ ಇಂಗ್ಲಿಷ್ ಹಾಳೆಯಲ್ಲಿ ಅದೇ ಜಾಗದಲ್ಲಿ ‘ಟೆಕ್ನಿಕಲ್ ಹೈಸ್ಕೂಲ್’ ಎಂದಿತ್ತು. ಕೆಳಗೆ ‘ಇದು ಮೂಲಕ್ಕೆ ಸರಿಯಾದ ಅನುವಾದವೆಂದು ದೃಢೀಕರಿಸುತ್ತೇನೆ’ ಎಂಬ ದುಂಡು ಸೀಲು, ಅದರೊಳಗೆ ಅವಳದೇ ಸಹಿ. ತಾರೀಕು ಒಂಬತ್ತು ದಿನದ ಹಿಂದಿನದು.

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಇನ್ನೊಂದು ಕಾರ್ಖಾನೆಯಲ್ಲಿ ಯಾರೋ ಸುಳ್ಳು ಪ್ರಮಾಣಪತ್ರ ಕೊಟ್ಟು ಸಿಕ್ಕಿಬಿದ್ದಿದ್ದರು. ಇಲ್ಲಿಯೂ ಎಲ್ಲರ ಕಾಗದಗಳನ್ನು ತೆಗೆಸಿದ್ದರು. ಐದೂಕಾಲು ಗಂಟೆ, ಬಸ್ಸು ಐದೂವರೆಗೆ. ಫಾಖ್ ಎಂದರೆ ವಿಷಯ, ಕಸುಬು. ಚನ್ನಪಟ್ಟಣದಲ್ಲಿ ಅವಳ ಸೋದರತ್ತೆಯ ಮಗ ಸಾಬೀರ್ ಎಸ್ಸೆಸ್ಸೆಲ್ಸಿಯ ಜೊತೆಗೆ ಲೇಥ್ ಕಲಿತದ್ದು ಟೆಕ್ನಿಕಲ್ ಹೈಸ್ಕೂಲಿನಲ್ಲೇ. ಆ ಹೆಸರು ಹುಡುಕುವ ಮೊದಲೇ ಬೆರಳಿಗೆ ಬಂದುಬಿಟ್ಟಿತ್ತು. ಅದು ಬಂದ ಮೇಲೆ ‘ಡಿಪ್ಲೋಮ್’ ಎಂಬುದೂ ಡಿಪ್ಲೊಮಾ ಆಗಿ ಕುಳಿತುಬಿಟ್ಟಿತ್ತು. ಸಿಬ್ಬಂದಿ ವಿಭಾಗದ ನಮೂನೆಯಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ, ಐಟಿಐ, ಡಿಪ್ಲೊಮಾ, ಪದವಿ ಎಂದು ಐದು ಚೌಕಗಳಿದ್ದವು. ನಾಲ್ಕನೆಯದಕ್ಕೆ ಅವಳೇ ಗುರುತು ಹಾಕಿದ್ದಳು.

ಹಾಳೆ ಮತ್ತೆ ಫೈಲಿಗೆ ಸೇರಿಸುವಾಗ ಪಿನ್ನು ಬೆರಳಿಗೆ ಚುಚ್ಚಿತು. ಕಾರ್ಖಾನೆಯಲ್ಲಿ ಜರ್ಮನ್ ಓದಬಲ್ಲವರು ಅವಳೂ ರಾಧಾಮಣಿಯೂ ಇಬ್ಬರೇ. ಓಬರ್‌ಶೂಲೆ ಎಂದು ಬರೆದರೆ ಪತ್ರದಲ್ಲಿ ಒಂದು ಅಕ್ಷರದ ತಪ್ಪೂ ಕಾಣುವುದಿಲ್ಲ. ಅವಳ ತಪ್ಪು ಅಲ್ಲಿಗೆ ಮುಚ್ಚಿಹೋಗುತ್ತದೆ.

ಗ್ಲಾಸಿನಲ್ಲಿ ನೀರು ಹಿಡಿದುಕೊಂಡು ಅವಳು ಕಾರಿಡಾರಿಗೆ ಬಂದಳು. ರಾಧಾಮಣಿಯನ್ನು ಕೂರಿಸಿದ್ದ ಕೊನೆಯ ತರಬೇತಿ ಕೋಣೆಯ ಮುಂದೆ ಸೆಕ್ಯುರಿಟಿಯ ಲಿಂಗಯ್ಯ ಕುರ್ಚಿ ಹಾಕಿಕೊಂಡು ಕೂತಿದ್ದ.

“ಏನವ್ವಾ ಜರ್ಮನ್ ಮೇಡಮ್ಮು, ಇತ್ಲಾಗೆ?”

“ಅವರಿಗೆ ನೀರು.”

“ಯಾರ್ನೂ ಒಳೀಕೆ ಬುಡಬ್ಯಾಡ ಅಂದವ್ರೆ.” ಲಿಂಗಯ್ಯ ಗ್ಲಾಸನ್ನೂ ಅವಳ ಮುಖವನ್ನೂ ನೋಡಿದ. “ನಿಂಗೇ ನೀರು ಬೇಕು ಅನ್ನಂಗೈತೆ ಮುಖ. ಹೋಗು, ಬಿರ್‍ನೆ ಬಾ. ನಾನು ಅತ್ಲಾಗೆ ತಿರುಕ್ಕಂಡಿರ್ತೀನಿ.”

ರಾಧಾಮಣಿ ಉದ್ದನೆಯ ಮೇಜಿನ ತುದಿಯಲ್ಲಿ ಕೂತಿದ್ದಳು. ಇಪ್ಪತ್ತೊಂಬತ್ತು ವರ್ಷ. ಉಯ್ಯಂಬಳ್ಳಿಯ ಒಕ್ಕಲು ಮನೆಯವಳು. ಡಿಪ್ಲೊಮಾ ಮುಗಿಸಿ, ಹಳೆಯ ಕಂಪನಿ ಆರು ತಿಂಗಳ ತರಬೇತಿಗೆಂದು ಜರ್ಮನಿಗೆ ಕಳಿಸಿದಾಗ ಅಲ್ಲೇ ನಿಂತು ನಾಲ್ಕು ವರ್ಷ ಓದಿ ಬಂದವಳು. ಕಾರ್ಖಾನೆಯ ಬಸ್ಸಿನಲ್ಲಿ ದಿನಾ ಸಂಜೆ ಮೊದಲು ಹತ್ತಿ, ಪಕ್ಕದ ಸೀಟಿನ ಮೇಲೆ ಕಪ್ಪು ಬ್ಯಾಗಿಟ್ಟು, ಅಸ್ರಾ ಬರುವವರೆಗೆ ಜಾಗ ಹಿಡಿದಿರುತ್ತಿದ್ದಳು. ಈಗ ಆ ಬ್ಯಾಗು ತೊಡೆಯ ಮೇಲಿತ್ತು.

“ಬಾ ಅಸ್ರಾ. ಎಂಟೂವರೆಯಿಂದ ಕೂರ್ಸವ್ರೆ. ಮೊಬೈಲೂ ಇಸ್ಕಂಡವ್ರೆ.”

“ಏನಂದ್ರು?”

“ಸರ್ಟಿಫಿಕೇಟು ಡೂಪ್ಲಿಕೇಟಂತೆ.” ರಾಧಾಮಣಿ ನಗಲು ನೋಡಿದಳು. “ಹೋದ ತಿಂಗ್ಳು ಎರಡು ಲಾಟು ಹೋಸ್‌ಗೆ ಸೈನ್ ಹಾಕ್ಲಿಲ್ಲ ನೋಡು, ಪ್ರೊಡಕ್ಷನ್ನೋರು ಅವತ್ತಿಂದ ಕಾಯ್ತಿದ್ರು. ಈಗೊಂದು ನೆಪ ಸಿಗ್ತು.”

ಅವಳು ನೀರನ್ನು ಒಂದೇ ಗುಟುಕಿಗೆ ಕುಡಿದಳು. ಗ್ಲಾಸು ಕೆಳಗಿಟ್ಟಳು.

“ಕೆಲ್ಸದ್ದಲ್ಲ ಕಣೇ ನಂಗೆ. ಮೂರು ಗಂಟೆಗೆ ಪೊಲೀಸ್ನೋರು ಬತ್ತಾರಂತೆ. ವಿಳಾಸ ಉಯ್ಯಂಬಳ್ಳೀದು ಐತಲ್ಲ, ಅಲ್ಲಿಗೂ ಹೋಯ್ತಾರೆ. ನಮ್ಮಪ್ಪ ರೋಡಲ್ಲಿ ಸತ್ತಾಗ ಸುದ್ದಿ ಹೇಳಕ್ಕೆ ಬಂದಿದ್ದು ಜೀಪೇ. ಈಗ ಇನ್ನೊಂದು ಜೀಪು ಬಾಗ್ಲಿಗೆ ಬಂದ್ರೆ ನಮ್ಮವ್ವ ಏನಂದ್ಕತಾಳೆ? ಅವ್ರು ಬಾಯಿ ಬುಡೋದ್ರೊಳಗೇ ಬಿದ್ದೋಯ್ತಾಳೆ.”

ಆ ಅವ್ವನ ಹೆಸರು ಸರಸಮ್ಮ ಎಂದು ಅಸ್ರಾಳಿಗೆ ಗೊತ್ತಿತ್ತು. ಅವರು ಕಳಿಸಿದ ಅವರೆಕಾಯಿಯನ್ನು ಎರಡು ಸಲ ಅಸ್ರಾಳ ಮನೆಯಲ್ಲೂ ಬೇಯಿಸಿದ್ದರು.

“ಆದ್ರೆ ಒಂದು ಧೈರ್ಯ ಐತೆ,” ಎಂದಳು ರಾಧಾಮಣಿ. “ಅನುವಾದ ಮಾಡಿರೋಳು ನೀನು. ಅವ್ರು ಯಾರೂ ಅದ್ನ ಸರಿಯಾಗಿ ಓದಿಲ್ಲ. ನಂಗೂ ತೋರ್ಸಿಲ್ಲ. ಇನ್ಸ್‌ಪೆಕ್ಟ್ರು ಬಂದ ತಕ್ಷಣ ಹೇಳ್ತೀನಿ, ಮೊದ್ಲು ಅಸ್ರಾ ಮಾಡಿರೋ ಇಂಗ್ಲಿಷ್ ಕಾಪಿ ತರ್ಸಿ ಓದಿ ಅಂತ. ಅಲ್ವಾ?”

ಅಸ್ರಾ ತಲೆಯಾಡಿಸಿದಳು. ಗ್ಲಾಸು ತೆಗೆದುಕೊಂಡು ಹೊರಗೆ ಬಂದಳು. ಲಿಂಗಯ್ಯ ಇನ್ನೂ ಗೋಡೆಯ ಕಡೆ ತಿರುಗಿ ಕೂತಿದ್ದ.

ಚಿಕ್ಕಹನುಮಯ್ಯನವರ ಕೋಣೆಗೆ ಹೋದಾಗ ಹನ್ನೊಂದೂ ನಲವತ್ತು. ಅವರು ಫೋನಿನಲ್ಲಿದ್ದರು. ಕೈಸನ್ನೆಯಲ್ಲೇ ಕೂರಲು ಹೇಳಿದರು. ಅಸ್ರಾ ನಿಂತೇ ಇದ್ದಳು.

“ಆಯ್ತೇನವ್ವ? ತಾ ಇಲ್ಲಿ.”

“ಸಾರ್, ಒಂದು ತಪ್ಪಾಗಿದೆ. ನಾನು ಮಾಡಿದ್ದು.” ಅವಳು ಎರಡೂ ಹಾಳೆಗಳನ್ನು ಅವರ ಮುಂದೆ ಹರಡಿದಳು. “ಇದು ಹೈಸ್ಕೂಲ್ ಅಲ್ಲ. ಇಂಜಿನಿಯರಿಂಗ್ ಕಾಲೇಜು, ಅದೂ ಯೂನಿವರ್ಸಿಟಿ ಲೆಕ್ಕದ್ದು. ಡಿಪ್ಲೋಮ್ ಅಂದ್ರೆ ನಮ್ಮ ಡಿಪ್ಲೊಮಾ ಅಲ್ಲ. ಪದವಿ.”

ಚಿಕ್ಕಹನುಮಯ್ಯ ಕನ್ನಡಕ ಹಾಕಿಕೊಂಡು ಆ ಪದದ ಮೇಲೆ ಬೆರಳಿಟ್ಟರು. ಕೂಗಾಡುತ್ತಾರೆ ಎಂದುಕೊಂಡಿದ್ದಳು. ಅವರು ಎದ್ದು ಹೋಗಿ ಬಾಗಿಲು ಹಾಕಿದರು. ಅದು ಅವಳಿಗೆ ಕೂಗಾಟಕ್ಕಿಂತ ಹೆಚ್ಚು ಭಯ ತಂದಿತು.

“ಯಾರ ಹತ್ರಾನಾದ್ರೂ ಹೇಳಿದ್ದೀಯಾ?”

“ಇಲ್ಲ ಸಾರ್.”

“ಇದೇನು ಓದೋದು?”

“ಹೋಖ್. ಶೂಲೆ.”

“ಹೋಖು ಅಂದ್ರೆ?”

“ಎತ್ತರ. ಹೈ.”

“ಶೂಲೆ ಅಂದ್ರೆ ಸ್ಕೂಲು. ನಂಗೂ ಅಷ್ಟು ಗೊತ್ತಾಯ್ತದೆ. ಹೈಸ್ಕೂಲು. ಸರಿಯಾಗೇ ಐತಲ್ಲವ್ವ? ಈಗ ಸ್ನೇಹಿತೆ ಸಿಗಾಕಂಡ್ಲು ಅಂತ ಅರ್ಥ ಬದ್ಲಾಯ್ತದಾ?”

ನಿಘಂಟು ತೋರಿಸಬಹುದಿತ್ತು; ಅದು ಇದ್ದದ್ದು ಜರ್ಮನ್‌ನಲ್ಲಿ. ಅವಳ ಕಣ್ಣು ಮೇಜಿನ ಮೇಲಿದ್ದ ಕ್ಯಾಲೆಂಡರಿನ ಮೇಲೆ ನಿಂತಿತು. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯ ಹತ್ತಿರದ ಅಂಗಡಿಯೊಂದು ಹಂಚಿದ್ದ ಕ್ಯಾಲೆಂಡರು ಅದು. ಚಿಕ್ಕಹನುಮಯ್ಯ ದೊಡ್ಡಆಲಹಳ್ಳಿಯವರು, ಅವರ ಅಣ್ಣ ಈಗಲೂ ಹುಳ ಮೇಯಿಸುತ್ತಾರೆ ಎಂಬುದು ಆಫೀಸಿಗೆಲ್ಲ ಗೊತ್ತಿತ್ತು.

“ಸಾರ್, ನಿಮ್ಮ ಮನೆಯಿಂದ ಮಾರ್ಕೆಟ್ಟಿಗೆ ಲಾಟು ಬರುತ್ತಲ್ಲ. ಅದರಲ್ಲಿ ಡಬಲ್ ಗೂಡು ಇದ್ದರೆ?”

“ಇದ್ರೆ?”

“ಡಬಲ್ ಅಂದ್ರೆ ಎರಡರಷ್ಟು ಒಳ್ಳೇದು ಅಂತ ನಮ್ಮಪ್ಪ ಎರಡರಷ್ಟು ರೇಟು ಕೂಗ್ತಾರಾ?”

ಚಿಕ್ಕಹನುಮಯ್ಯ ಕ್ಯಾಲೆಂಡರಿನ ಕಡೆ ನೋಡಿದರು. ಅಸ್ರಾಳ ಅಪ್ಪ ಸನಾವುಲ್ಲಾ ರಾಮನಗರದಲ್ಲಿ ಗೂಡು ಕೊಂಡು ನೂಲು ತೆಗೆಯುವವರು; ಗೂಡಿನ ರಾಶಿಗೆ ಕೈ ಹಾಕಿ, ಬೆರಳಿನಲ್ಲೇ ಡಬಲ್ ಹುಡುಕಿ ಆಚೆ ಎಸೆಯುವುದನ್ನು ಅವರೂ ನೋಡಿದ್ದಿರಬೇಕು. ಎರಡು ಹುಳ ಸೇರಿ ಕಟ್ಟಿದ ಗೂಡು ಅದು. ನೋಡಲು ದಪ್ಪ, ಎಳೆ ಬಿಡಿಸಲು ಹೋದರೆ ಸಿಕ್ಕು.

“ಹೆಸರು ಕೇಳಿ ಬೆಲೆ ಕಟ್ಟಕ್ಕಾಗಲ್ಲ ಸಾರ್. ಇಲ್ಲಿ ಅದು ಉಲ್ಟಾ ಆಗಿದೆ. ಹೆಸರು ಸಣ್ಣದಾಗಿ ಕೇಳ್ಸುತ್ತೆ, ಓದು ದೊಡ್ಡದು. ನಾನು ಹೆಸರು ನೋಡಿ ಬರೆದುಬಿಟ್ಟೆ.”

ಹೊರಗೆ ಫೋರ್ಕ್‌ಲಿಫ್ಟ್ ಹಿಂದಕ್ಕೆ ಬರುವ ಸದ್ದು ಕೇಳಿಸುತ್ತಿತ್ತು. ಚಿಕ್ಕಹನುಮಯ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ಅರ್ಥವಾಗಿತ್ತು. ಮುಖ ನೋಡಿದರೆ ಅದು ಗೊತ್ತಾಗುತ್ತಿತ್ತು. ಅಲ್ಲಿ ಇನ್ನೂ ಒಂದು ಸಂಗತಿ ಇತ್ತು. ಅವರೂ ಹೆದರಿದ್ದರು.

“ನಾನು ಸ್ಟೇಷನ್‌ಗೆ ಫೋನ್ ಮಾಡಾಗೈತೆ. ಪ್ರೊಡಕ್ಷನ್ ಹೆಡ್‌ಗೆ ಹೇಳಾಗೈತೆ. ಈಗೋಗಿ ನಮ್ಮುಡುಗಿ ತಪ್ಪು ಟೈಪ್ ಮಾಡುದ್ಲು ಅಂತ ಹೇಳ್ಲಾ? ನಿನ್ನ ಸೀಲು ಐತೆ ಅದ್ರ ಮ್ಯಾಲೆ. ಸುಳ್ಳು ದೃಢೀಕರಣ ಅಂದ್ರೆ ಏನು ಗೊತ್ತೇನವ್ವ? ಜೀಪು ಅವಳನ್ನ ಬುಟ್ಟು ನಿಮ್ಮ ಮನೆ ತಾವ್ಕೆ ಬತ್ತದೆ.”

ಅಸ್ರಾಳ ಕಣ್ಣ ಮುಂದೆ ಗಲ್ಲಿಯ ತಿರುವು ಬಂತು. ಅಲ್ಲಿ ಜೀಪು ನಿಲ್ಲುವುದು, ಗೂಡು ಬೇಯುವ ಬಿಸಿನೀರಿನ ಬಾಣಲಿಯ ಮುಂದೆ ಕೂತ ಅಪ್ಪ ಒದ್ದೆ ಕೈಯಲ್ಲೇ ಎದ್ದು ಬರುವುದು.

“ಮುಂದಿನ ತಿಂಗ್ಳು ನಿನ್ನ ಕನ್ಫರ್ಮೇಶನ್ನು,” ಎಂದರು ಚಿಕ್ಕಹನುಮಯ್ಯ. ದನಿ ಗದರಿಸುವಂತಿರಲಿಲ್ಲ. “ಪತ್ರದಾಗೆ ಏನೈತೋ ಅಷ್ಟು ಬರಿ. ಸರಿಯೋ ತಪ್ಪೋ ಅವ್ರೇ ನೋಡ್ಕತಾರೆ. ಹೋಗು, ಟೈಮ್ ಆಯ್ತು.”

ಅವಳು ಜಾಗಕ್ಕೆ ಬಂದು ಕೂತಳು. ಎಂಟನೇ ಸಾಲಿನಲ್ಲಿ ಕರ್ಸರ್ ಮಿನುಗುತ್ತಿತ್ತು. ಅವಳು ಓಬರ್‌ಶೂಲೆ ಎಂದು ಟೈಪ್ ಮಾಡಿದಳು. ಓದಿದಳು. ಚೆನ್ನಾಗಿತ್ತು, ಯಾರಿಗೂ ಅನುಮಾನ ಬಾರದ ವಾಕ್ಯ. ಉಳಿದ ಐದು ಸಾಲನ್ನೂ ಮುಗಿಸಿದಳು. ಆಮೇಲೆ ಎಂಟನೇ ಸಾಲಿಗೆ ಹಿಂತಿರುಗಿ ಒಂದೊಂದೇ ಅಕ್ಷರ ಅಳಿಸಿ, ಪ್ರಮಾಣಪತ್ರದಲ್ಲಿದ್ದದ್ದನ್ನು ಇದ್ದ ಹಾಗೆಯೇ ಬರೆದಳು. ಫಾಖ್‌ಹೋಖ್‌ಶೂಲೆ. ಡಿಪ್ಲೋಮ್. ‘ಬರೀ’ ಎಂಬ ಪದವನ್ನು ಎರಡೂ ಕಡೆ ಬಿಡಲಿಲ್ಲ, ಅದು ಮೂಲದಲ್ಲಿತ್ತು.

ಹನ್ನೆರಡೂ ಇಪ್ಪತ್ತಕ್ಕೆ ಚಿಕ್ಕಹನುಮಯ್ಯ ಬಂದು ಅವಳ ಹಿಂದೆ ನಿಂತರು.

“ಓದು.”

“ಸಾರ್?”

“ಜರ್ಮನ್‌ನಾಗೇ ಓದವ್ವ. ಕೇಳ್ತೀನಿ.”

ಅವಳು ಓದಿದಳು. ಏಳು ಸಾಲು ಸಲೀಸಾಗಿ ಹೋದವು. ಎಂಟನೆಯದರಲ್ಲಿ ದನಿ ತಗ್ಗಿತು, ಆದರೂ ಪದ ಪದವಾಗಿಯೇ ಹೊರಬಂತು. ಚಿಕ್ಕಹನುಮಯ್ಯನವರ ಕೈ ಅವಳ ಭುಜದ ಪಕ್ಕದಿಂದ ಮುಂದೆ ಬಂತು. ತೋರುಬೆರಳು ಪರದೆಯ ಮೇಲೆ ಆ ಪದದ ಕೆಳಗೆ ನಿಂತಿತು. ಉಗುರಿನ ಸಂದಿಯಲ್ಲಿ ಶಾಯಿ ಇತ್ತು.

“ಹೋಖ್‌ಶೂಲೆ,” ಎಂದರು ಅವರು, ನಿಧಾನವಾಗಿ.

ಅಸ್ರಾ ತಿರುಗಿ ನೋಡಲಿಲ್ಲ. ಬೆರಳು ಹಿಂದಕ್ಕೆ ಹೋಯಿತು.

“ನಾನು ಕನ್ನಡಕ ತರ್ಲಿಲ್ಲ,” ಎಂದರು ಚಿಕ್ಕಹನುಮಯ್ಯ. “ಕಳ್ಸು.”

ಜರ್ಮನಿಯಿಂದ ಫೋನು ಬಂದದ್ದು ಒಂದಕ್ಕೆ ಎಂಟು ನಿಮಿಷ ಇರುವಾಗ. ಅವರ ಕೋಣೆಯಲ್ಲಿ ಸ್ಪೀಕರಿಗೆ ಹಾಕಿದರು. ಆ ಕಡೆ ಒಬ್ಬ ಹೆಂಗಸು, ಅವಸರವಿಲ್ಲದ ದನಿ, ಮಾತೆಲ್ಲ ಜರ್ಮನ್‌ನಲ್ಲೇ. ಪತ್ರದಲ್ಲಿ ‘ಬರೀ ಫಾಖ್‌ಹೋಖ್‌ಶೂಲೆ’ ಎಂದಿದೆ, ತಾನೂ ಓದಿದ್ದು ಅಲ್ಲಿಯೇ, ಬರೀ ಎಂದರೆ ಏನರ್ಥ ಎಂದು ಕೇಳಿದಳು. ಆಮೇಲೆ, ಆ ಪ್ರಮಾಣಪತ್ರವನ್ನು ಇಂಗ್ಲಿಷಿಗೆ ಅನುವಾದಿಸಿದವರು ಯಾರು ಎಂದು ಕೇಳಿದಳು.

ಕೋಣೆಯಲ್ಲಿ ಪ್ರಶ್ನೆ ಅರ್ಥವಾದದ್ದು ಒಬ್ಬಳಿಗೇ. ಬೇರೇನಾದರೂ ಹೇಳಿ ಚಿಕ್ಕಹನುಮಯ್ಯನವರ ಕಡೆ ತಿರುಗಿಸಬಹುದಿತ್ತು. ಅಸ್ರಾ ಮೇಜಿನ ಅಂಚು ಹಿಡಿದುಕೊಂಡಳು.

“ಇಶ್,” ಎಂದಳು.

“ಏನಂತೆ? ಏನಂದೆ?” ಚಿಕ್ಕಹನುಮಯ್ಯ ಪಿಸುದನಿಯಲ್ಲಿ ಕೇಳಿದರು.

“ಅನುವಾದ ಮಾಡಿದ್ದು ಯಾರು ಅಂದ್ರು. ನಾನು ಅಂದೆ.”

ಆ ಕಡೆಯವಳು ಇಂಥ ಕಾಲೇಜುಗಳಿಗೆ ಇಂಗ್ಲಿಷಿನಲ್ಲಿ ಅಧಿಕೃತವಾಗಿ ಬಳಸುವ ಹೆಸರನ್ನು ಹೇಳಿದಳು: ಯೂನಿವರ್ಸಿಟಿ ಆಫ್ ಅಪ್ಲೈಡ್ ಸೈನ್ಸಸ್. ಬರೆದುಕೊಳ್ಳಿ ಎಂದಳು. ಅಸ್ರಾ ಬರೆದುಕೊಂಡಳು. ತಿದ್ದಿದ ಅನುವಾದವೂ, ತಪ್ಪು ಹೇಗಾಯಿತೆಂಬ ವಿವರಣೆಯೂ ನಾಳೆಯೊಳಗೆ ಬೇಕು ಎಂದು ಹೇಳಿ ಆಕೆ ಫೋನಿಟ್ಟಳು.

ಚಿಕ್ಕಹನುಮಯ್ಯ ಠಾಣೆಗೆ ಫೋನ್ ಮಾಡಿ, “ಬರೋದು ಬ್ಯಾಡಿ ಸಾರ್, ಕಾಗದದಾಗೆ ಒಸಿ ಎಡವಟ್ಟಾಗಿತ್ತು,” ಎಂದರು. ಎರಡು ಬಾರಿ ನಕ್ಕರು. ಫೋನಿಟ್ಟ ಮೇಲೆ ನಗು ಉಳಿಯಲಿಲ್ಲ. ಖಾಲಿ ಹಾಳೆಯೊಂದನ್ನು ಅಸ್ರಾಳ ಕಡೆ ತಳ್ಳಿದರು.

“ನಿನ್ನ ಕೈಯಾರ ಬರಕೊಡು. ಸೀಲು ಇಲ್ಲೇ ಮಡಗು. ಸೋಮವಾರ ಬರೋದೋ ಬ್ಯಾಡ್ವೋ, ನಾಡಿದ್ದು ಹೇಳ್ತೀನಿ.”

“ಸಾರ್, ರಾಧಾಮಣಿಗೆ ನಾನೇ…”

“ನಾನು ಹೇಳ್ತೀನಿ ಅವಳ್ಗೆ. ನಿನ್ನ ಇಂಗ್ಲಿಷ್ ಕಾಪೀನೂ ಕೊಡ್ತೀನಿ. ನೋಡ್ಕಳ್ಲಿ.”

ಸಂಜೆ ಐದೂವರೆಗೆ ಬಸ್ಸು ಹತ್ತುವಾಗ ಅಸ್ರಾ ಮೊದಲು ನೋಡಿದ್ದು ನಾಲ್ಕನೇ ಸಾಲನ್ನು. ರಾಧಾಮಣಿ ಕಿಟಕಿಯ ಪಕ್ಕ ಕೂತಿದ್ದಳು. ಪಕ್ಕದ ಸೀಟಿನ ಮೇಲೆ ಕಪ್ಪು ಬ್ಯಾಗಿತ್ತು. ಅಸ್ರಾ ಹತ್ತಿರ ಹೋಗಿ ನಿಂತಳು. ರಾಧಾಮಣಿ ಬ್ಯಾಗು ತೆಗೆಯಲಿಲ್ಲ. ತಲೆ ತಿರುಗಿಸಲೂ ಇಲ್ಲ. ಹಿಂದೆ ಎರಡು ಸೀಟು ಖಾಲಿ ಇದ್ದವು. ಅಸ್ರಾ ಅಲ್ಲಿಗೆ ಹೋಗದೆ ಮೇಲಿನ ಕಂಬಿ ಹಿಡಿದು ನಿಂತಳು.

ಬಸ್ಸು ಬಿಡದಿ ದಾಟಿತು. ತಟ್ಟೆ ಇಡ್ಲಿ ಹೋಟೆಲುಗಳು ಹಿಂದಕ್ಕೆ ಸರಿದವು. ಹಿಂದಿನ ಸೀಟಿನವರು ಕ್ರಿಕೆಟ್ ಮಾತಾಡುತ್ತಿದ್ದರು. ಒಬ್ಬ “ಏನ್ಲಾ, ಪೊಲೀಸು ಅಂದ್ರು, ಎಲ್ಲಿ?” ಎಂದ. ಇನ್ನೊಬ್ಬ “ಸುಮ್ಕಿರ್‍ಲಾ,” ಎಂದ. ಅಸ್ರಾಳಿಗೆ ಜೀಪಿನ ಭಯ ಮಧ್ಯಾಹ್ನವೇ ಒಂದಿಷ್ಟು ಇಳಿದಿತ್ತು. ಈಗಿನದು ಬೇರೆ. ಅವಳು ಸೀಟಿನ ಮೇಲಿನ ಕಪ್ಪು ಬ್ಯಾಗನ್ನೇ ನೋಡುತ್ತಿದ್ದಳು.

ರಾಮನಗರದ ಬಂಡೆಗಳು ಕಾಣತೊಡಗಿದಾಗ ರಾಧಾಮಣಿ ಬ್ಯಾಗಿನ ಜಿಪ್ಪು ಎಳೆದಳು. ಒಳಗಿನಿಂದ ಪಿನ್ನು ಹಾಕಿದ್ದ ಹಾಳೆ ತೆಗೆದು, ಬ್ಯಾಗಿನ ಮೇಲೆ ಬಿಡಿಸಿಟ್ಟು, ಅಂಗೈಯಿಂದ ಸವರಿ ಸಪಾಟು ಮಾಡಿದಳು. ದುಂಡು ಸೀಲು ಮೇಲಕ್ಕೆ ಕಾಣುತ್ತಿತ್ತು. ಜೇಬಿನಿಂದ ಪೆನ್ನು ತೆಗೆದು, ನೋಡದೆಯೇ ಅಸ್ರಾಳ ಕಡೆ ಹಿಡಿದಳು.

“ತಿದ್ದು,” ಎಂದಳು.

“ಸೀಲು ಇಸ್ಕೊಂಡಿದ್ದಾರೆ. ಇದು ನಡೆಯಲ್ಲ.”

“ಅವ್ರಿಗಲ್ಲ. ನಂಗೆ.”

ಅಸ್ರಾ ಬಾಗಿದಳು. ಒಂದು ಕೈ ಕಂಬಿಯ ಮೇಲೆ, ಇನ್ನೊಂದರಲ್ಲಿ ಪೆನ್ನು. ರಸ್ತೆ ಅಗೆದಿದ್ದರಿಂದ ಬಸ್ಸು ಕುಲುಕುತ್ತಿತ್ತು, ಹಾಳೆಯ ಮೇಲಿನ ಅಕ್ಷರಗಳು ನಿಲ್ಲುತ್ತಿರಲಿಲ್ಲ. ಮುಂದೆ ಲಾರಿಯೊಂದು ಅಡ್ಡ ಬಂದು ಡ್ರೈವರ್ ಬ್ರೇಕಿನ ಮೇಲೆ ಕಾಲಿಟ್ಟ. ಬಸ್ಸು ಪೂರ್ತಿ ನಿಲ್ಲಲೆಂದು ಅವಳು ಪೆನ್ನಿನ ತುದಿಯನ್ನು ‘ಹೈಸ್ಕೂಲ್’ ಎಂಬ ಪದದಿಂದ ಒಂದು ಬೆರಳಷ್ಟು ಮೇಲೆ ಹಿಡಿದು ಕಾದಳು. ರಾಧಾಮಣಿಯ ಎರಡೂ ಕೈ ಹಾಳೆಯ ಅಂಚುಗಳನ್ನು ಒತ್ತಿ ಹಿಡಿದಿದ್ದವು.